ಕುದುರೆಗೆ ಹಸಿ ಅವರೆ

ಅವರೆಕಾಯಿ ಸುಲಿಯಲು ಕೂತರೆ ನನಗೆ ಮೂರು ಪಾತ್ರೆ ಬೇಕು. ಒಂದರಲ್ಲಿ ಕಾಯಿ, ಒಂದರಲ್ಲಿ ಕಾಳು, ಇನ್ನೊಂದರಲ್ಲಿ ಸಿಪ್ಪೆ. ನನ್ನ ಸೊಸೆ ಸುಜಾತಾ ಎರಡೇ ಇಟ್ಟುಕೊಂಡು ಕೂಡುತ್ತಾಳೆ. ಸಿಪ್ಪೆಯನ್ನು ಹಳೆಯ ಪೇಪರಿನ ಮೇಲೆ ಒಗೆದು, ಕೊನೆಗೆ ಪೇಪರಿನ ಸಮೇತ ಸುತ್ತಿ ಕಸಕ್ಕೆ ಹಾಕುತ್ತಾಳೆ. ನೋಡಲು ಚೊಕ್ಕ ಕೆಲಸವೇ. ಆದರೆ ನಾಲ್ಕು ಕಾಲಿನ ಯಾವುದಾದರೂ ಒಂದು ಜೀವ ತಿನ್ನಬಹುದಾದದ್ದನ್ನು ಕಸಕ್ಕೆ ಹಾಕಲು ನನ್ನ ಕೈ ಒಪ್ಪುವುದಿಲ್ಲ. ಇದು ದಯೆ ಅಂತ ತಿಳಿಯಬೇಡಿ. ರೂಢಿ. ಹಲ್ಲಿಲ್ಲದವರೂ ಊಟವಾದ ಮೇಲೆ ಅಡಿಕೆ ಹುಡುಕುತ್ತಾರಲ್ಲ, ಹಾಗೆ.

ಧಾರವಾಡದ ಹತ್ತಿರದ ನನ್ನ ತವರಿನಲ್ಲಿ ಹಿತ್ತಲ ಬಾಗಿಲಿಗೆ ಒಂದು ಕಲ್ಲಿನ ಬಾನಿ ಇತ್ತು. ಅದಕ್ಕೆ ಮುಸುರೆ ಬಾನಿ ಅನ್ನುತ್ತಿದ್ದೆವು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಬದನೆಕಾಯಿ ತೊಟ್ಟು, ನಿನ್ನೆಯ ರೊಟ್ಟಿ, ಮೊನ್ನೆಯ ಪಲ್ಲೆ, ಎಲ್ಲ ಅದರೊಳಗೆ. ಸಂಜೆ ಎಮ್ಮೆ ಬಂದು ಮೋರೆಯನ್ನು ಮೂಗಿನ ತನಕ ಮುಳುಗಿಸಿ ಕುಡಿಯುತ್ತಿತ್ತು. ನಮ್ಮವ್ವನಿಗೆ ಮಕ್ಕಳು ಉಂಡರೋ ಇಲ್ಲವೋ ಎಂಬುದಕ್ಕಿಂತ ಎಮ್ಮೆ ಬಾನಿಯ ತಳ ನೆಕ್ಕಿತೋ ಇಲ್ಲವೋ ಎಂಬ ಚಿಂತೆ ಹೆಚ್ಚು. ಅದರಲ್ಲಿ ತಪ್ಪಿಲ್ಲ. ನಾವು ಹಾಲು ಕೊಡುತ್ತಿರಲಿಲ್ಲ.

ಮದುವೆಯಾಗಿ ಹುಬ್ಬಳ್ಳಿಗೆ ಬಂದಾಗ ಇಲ್ಲಿ ಮನೆಯಲ್ಲಿ ಎಮ್ಮೆ ಇರಲಿಲ್ಲ, ಆದರೂ ಬಾನಿ ತಪ್ಪಲಿಲ್ಲ. ಎಮ್ಮೆ ಸಾಕುವ ಗೌಳಿಗರ ಹೆಂಗಸೊಬ್ಬಳು ದಿನಾ ಬೆಳಿಗ್ಗೆ ಡಬ್ಬಿ ಹೊತ್ತು ಬಂದು ಮನೆಮನೆಯ ಮುಸುರೆ ಕೂಡಿಸಿಕೊಂಡು ಹೋಗುತ್ತಿದ್ದಳು. ಯಾರ ಮನೆಯಲ್ಲಿ ಏನು ಅಡುಗೆಯಾಗಿತ್ತು, ಯಾರು ಸಿಟ್ಟಿನಲ್ಲಿ ಉಣ್ಣದೆ ಮಲಗಿದ್ದರು ಎಂಬುದೆಲ್ಲ ಅವಳಿಗೆ ಮುಸುರೆಯಲ್ಲೇ ತಿಳಿಯುತ್ತಿತ್ತು. ಅವಳು ಬರುವುದು ನಿಂತಿತು, ಎಮ್ಮೆಗಳು ಊರ ಹೊರಗೆ ಹೋದವು, ನಾವು ಗೋಕುಲ ರಸ್ತೆಯ ಹಿಂದಿನ ಈ ಓಣಿಗೆ ಬಂದೆವು. ಇಲ್ಲಿ ದಿನಾ ಹಾಡು ಹಚ್ಚಿಕೊಂಡು ಕಸದ ಗಾಡಿ ಬರುತ್ತದೆ. ಒಣ ಕಸ ಬೇರೆ, ಹಸಿ ಕಸ ಬೇರೆ. ಆ ಹಸಿ ಕಸದ ಬಕೆಟಿನೊಳಗೆ ಇಣುಕಿದಾಗಲೆಲ್ಲ ನನಗೆ ಒಂದು ಎಮ್ಮೆಯ ಮಧ್ಯಾಹ್ನದ ಊಟ ಕಾಣುತ್ತದೆ.

ಹೀಗಿರುವಾಗ ನಮ್ಮ ಓಣಿಗೆ ಕುದುರೆ ಬಂತು.

ನಮ್ಮ ಹಿತ್ತಲ ಗೋಡೆಯ ಆಚೆ ಒಂದು ಖಾಲಿ ಪ್ಲಾಟು ಇದೆ. ಅದರ ಯಜಮಾನರು ಬೇರೆ ಊರಲ್ಲಿದ್ದಾರೆ. ಅವರ ಒಪ್ಪಿಗೆ ತೆಗೆದುಕೊಂಡು ಮಾಬೂಸಾಬ ಎಂಬುವನು ಅಲ್ಲಿ ನಾಲ್ಕು ತಗಡು ಹಾಕಿ ತನ್ನ ಬಿಳಿ ಕುದುರೆ ಕಟ್ಟಿದ. ಹೆಣ್ಣು ಕುದುರೆ, ಹೆಸರು ಚಾಂದನಿ. ಲಗ್ನದ ಮೆರವಣಿಗೆಯಲ್ಲಿ ಮದುಮಗನನ್ನು ಹೊರುವುದು ಅದರ ಕೆಲಸ. ಮಾಬೂಸಾಬನ ಅಜ್ಜ ಟಾಂಗಾ ಹೊಡೆಯುತ್ತಿದ್ದನಂತೆ, ಅಪ್ಪನೂ ಹೊಡೆದನಂತೆ. ಇವನಿಗೆ ಟಾಂಗಾ ಉಳಿಯಲಿಲ್ಲ, ಕುದುರೆಯೊಂದು ಉಳಿಯಿತು. ಅದೊಂದರ ಮೇಲೆ ಅವನ ಸಂಸಾರ.

ಮೊದಲ ವಾರ ಓಣಿಯ ಹೆಂಗಸರೆಲ್ಲ ಮೂಗು ಮುಚ್ಚಿಕೊಂಡರು. ಪಕ್ಕದ ಮನೆಯ ನೀಲವ್ವ ಎಲ್ಲರಿಗಿಂತ ಮುಂದೆ.

"ಗಂಗಕ್ಕ, ಇನ್ನ ಸೊಳ್ಳಿ ಆಗತಾವ ನೋಡು. ಲದ್ದಿ ನಾತ ಮನಿತುಂಬ. ಕಾರ್ಪೊರೇಶನ್ನಿಗೆ ಒಂದು ಅರ್ಜಿ ಹಾಕೂಣೇನು?"

"ನೀ ಬರಿ, ನಾ ಹೆಬ್ಬಟ್ಟ ಒತ್ತತೇನಿ" ಅಂದೆ. ನನಗೆ ಸಹಿ ಬರುತ್ತದೆ, ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೇನೆ. ಆದರೆ ನೀಲವ್ವನ ಅರ್ಜಿಗೆ ಅಷ್ಟೇ ಸಾಕು.

ಎರಡನೆಯ ವಾರ ನೋಡಿದರೆ ಅದೇ ನೀಲವ್ವ ಬಾಳೆಹಣ್ಣಿನ ಸಿಪ್ಪೆ ಹಿಡಿದು ಗೋಡೆಯ ಹತ್ತಿರ ನಿಂತಿದ್ದಾಳೆ. ಕುದುರೆ ಗೋಡೆಯ ಮೇಲಿಂದ ಕುತ್ತಿಗೆ ಚಾಚಿ, ತುಟಿ ಮಾತ್ರ ಅಲ್ಲಾಡಿಸಿ, ಅವಳ ಕೈಯಿಂದ ಎಷ್ಟು ನಾಜೂಕಾಗಿ ಎತ್ತಿಕೊಂಡಿತೆಂದರೆ, ನೀಲವ್ವನ ಮಕ್ಕಳೂ ಅವಳ ಕೈಯಿಂದ ಹಾಗೆ ತಿಂದಿರಲಿಕ್ಕಿಲ್ಲ. ಅರ್ಜಿ ಅಲ್ಲಿಗೆ ಮುಗಿಯಿತು.

ಅವತ್ತಿನಿಂದ ನಮ್ಮ ಓಣಿಗೆ ಹೊಸ ಮುಸುರೆ ಬಾನಿ ಸಿಕ್ಕಿತು ಅನ್ನಿ. ಗಜ್ಜರಿ ಸಿಪ್ಪೆ, ಮೂಲಂಗಿ ಸೊಪ್ಪು, ಒಣಗಿದ ಚಪಾತಿ, ಪೂಜೆಯ ಬೆಲ್ಲ, ಯಾವ ಮನೆಯದೂ ಇನ್ನು ಗಾಡಿಗೆ ಹೋಗಲಿಲ್ಲ. ನನಗಂತೂ ಮೂರನೆಯ ಪಾತ್ರೆಗೆ ಒಡತಿ ಸಿಕ್ಕಂತಾಯಿತು. ಅಡುಗೆ ಮುಗಿಯುವ ಹೊತ್ತಿಗೆ ಬಿಳಿ ಮೋರೆ ಗೋಡೆಯ ಮೇಲೆ ಹಾಜರು. ನಾನು ತಡ ಮಾಡಿದರೆ ಗೋಡೆಗೆ ಗೊರಸಿನಿಂದ ಒದೆಯುತ್ತಿತ್ತು. ನಮ್ಮ ಯಜಮಾನರು ಇದ್ದಾಗ ಊಟಕ್ಕೆ ತಡವಾದರೆ ಹೀಗೇ ತಾಟು ಬಡಿಯುತ್ತಿದ್ದರು.

ಮಾಬೂಸಾಬ ಬೇಡ ಅನ್ನಲಿಲ್ಲವೇ ಎಂದು ನೀವು ಕೇಳಬಹುದು. ಅಂದ. ಒಂದು ಸಲವಲ್ಲ, ಕಂಡಾಗಲೆಲ್ಲ ಅಂದ.

"ಬ್ಯಾಡ್ರಿ ಅವ್ವಾರ, ಅದಕ್ಕ ಮನಿ ತಿನಿಸಿನ ರೂಢಿ ಇಲ್ಲ. ನಾ ಹಾಕತೇನಿ ಅದಕ್ಕ ಏನ ಬೇಕು ಅದನ್ನ."

"ಇರಲಿ ಬಿಡೋ ತಮ್ಮಾ, ಮೂಕ ಪ್ರಾಣಿ. ತಿನ್ನಲಿ."

"ಹಂಗಲ್ರಿ ಅವ್ವಾರ."

"ಹಂಗೂ ಇಲ್ಲ ಹಿಂಗೂ ಇಲ್ಲ. ನಮ್ಮನ್ಯಾಗಿಂದು ತಿಂದ್ರ ಏನ ಜಾತಿ ಕೆಡತೈತೇನು ಅದರದು?"

ಅವನು ನಕ್ಕು ಹೊರಟುಬಿಡುತ್ತಿದ್ದ. ಈಗ ನಮ್ಮ ಕಡೆಯ ಒಂದು ವಿಷಯ ನಿಮಗೆ ಹೇಳಬೇಕು. ಇಲ್ಲಿ ಬೇಡ ಎಂಬ ಮಾತಿಗೆ ಬೇಡ ಎಂಬ ಅರ್ಥ ಇಲ್ಲ. ಊಟಕ್ಕೆ ಕೂತವನು ಸಾಕು ಅಂದರೆ ಇನ್ನೊಂದು ಹೋಳಿಗೆ. ಸಾಕೇ ಸಾಕು ಅಂದರೆ ಅದರ ಮೇಲೆ ತುಪ್ಪ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿನಿಂದ ಸಾರು. ಒಲ್ಲೆ ಎಂದವನ ಮಾತು ಕೇಳಿ ಬಡಿಸುವುದನ್ನು ನಿಲ್ಲಿಸಿದ ಮನೆಯವರ ಹೆಸರು ಊರಲ್ಲಿ ಉಳಿಯುವುದಿಲ್ಲ. ನಮ್ಮ ಯಜಮಾನರ ಸೋದರಮಾವ ಒಬ್ಬರಿದ್ದರು. ಒಮ್ಮೆ ನಮ್ಮ ಮನೆಗೆ ಬಂದಾಗ ಖರೇನೇ ಅವರ ಹೊಟ್ಟೆ ಕೆಟ್ಟಿತ್ತು. ಪಾಪ, ಎಷ್ಟು ಬೇಡಿಕೊಂಡರು. ನಮ್ಮತ್ತೆ ಬಿಟ್ಟಾಳೆಯೇ. ಸಂಕೋಚ ಅಂತ ತಿಳಿದು ಶೀಕರಣಿ ಹಾಕಿದಳು, ಅದರ ಮೇಲೆ ಬದನೆಕಾಯಿ ಎಣ್ಣೆಗಾಯಿ ಹಾಕಿದಳು. ಊಟವಾದ ಮೇಲೆ ಆ ಮನುಷ್ಯ ಚಂಬು ಹಿಡಿದು ಓಡಿದ್ದು ನೋಡಿದ ಮೇಲೂ ನಮ್ಮತ್ತೆ ಅಂದದ್ದು, "ನೋಡಿದಿ, ನಾಚಿಕಿ ಬಿಟ್ಟು ಉಂಡ."

ಆ ಅತ್ತೆಯ ಕೈಕೆಳಗೆ ಪಳಗಿದ ನನಗೆ ಮಾಬೂಸಾಬನ ಬೇಡ ಹೇಗೆ ಕೇಳೀತು? ಸಂಕೋಚದ ಮನುಷ್ಯ ಅಂದುಕೊಂಡೆ. ಓಣಿಯವರೆಲ್ಲ ಹಾಗೇ ಅಂದುಕೊಂಡರು. ಅವನು ಒಲ್ಲೆ ಅಂದಷ್ಟೂ ನಾವು ಹಾಕಿದೆವು.

ಮೇಲಾಗಿ, ಕುದುರೆ ಕಾಳು ತಿನ್ನುತ್ತದೆ ಎಂಬುದು ನನಗೆ ಸಣ್ಣಂದಿನಿಂದ ಗೊತ್ತಿತ್ತು. ಅವ್ವನ ಜೊತೆ ಹುಬ್ಬಳ್ಳಿಗೆ ಬಂದರೆ ಸ್ಟೇಶನ್ನಿನಿಂದ ದುರ್ಗದಬೈಲಿಗೆ ಟಾಂಗಾದಲ್ಲಿ ಹೋಗುತ್ತಿದ್ದೆವು. ಅವ್ವ ಅಂಗಡಿಯಲ್ಲಿ ಸೀರೆ ಬಿಚ್ಚಿಸುತ್ತಿದ್ದರೆ ನಾನು ಹೊರಗೆ ನಿಂತು ಕುದುರೆ ನೋಡುತ್ತಿದ್ದೆ. ಟಾಂಗಾದವನು ಅದರ ಬಾಯಿಗೆ ಒಂದು ಚೀಲ ಕಟ್ಟುತ್ತಿದ್ದ. ಚೀಲದೊಳಗೆ ಕಟಕಟ ಸಪ್ಪಳ. ಕುದುರೆ ಕಣ್ಣು ಅರ್ಧ ಮುಚ್ಚಿ, ಯಾರ ಹಂಗೂ ಇಲ್ಲದವರಂತೆ ಮೆಲ್ಲುತ್ತಿತ್ತು. ಏನದು ಎಂದು ಕೇಳಿದರೆ, "ಹುಳ್ಳಿ ಕಾಳವ್ವಾ" ಅಂದಿದ್ದ. ನನಗೆ ಕಾಳು ಎಂಬುದಷ್ಟೇ ತಲೆಯಲ್ಲಿ ಉಳಿಯಿತು. ಹುರುಳಿ ಬೇರೆ, ಅವರೆ ಬೇರೆ ಎಂಬುದು ಬಾಯಿರುಚಿಗೆ ಗೊತ್ತಿತ್ತು, ಕುದುರೆಯ ಹೊಟ್ಟೆಗೂ ಬೇರೆ ಇರಬಹುದು ಎಂಬ ವಿಚಾರ ಯಾಕೆ ಬಂದೀತು? ಅಂಥ ವಿಚಾರ ಮಾಡುತ್ತಾ ಕೂತಿದ್ದರೆ ನನ್ನ ಮನೆಯಲ್ಲಿ ರೊಟ್ಟಿ ಆಗುತ್ತಿರಲಿಲ್ಲ.

ಹಸಿ ಅವರೆ ಒಳ್ಳೆಯದಲ್ಲ ಎಂಬುದೂ ಗೊತ್ತಿರಲಿಲ್ಲ ಅಂತಲ್ಲ. ಬಲಿತ ಅವರೆಕಾಳನ್ನು ಕುದಿಸಿ ಮೊದಲ ನೀರು ಚೆಲ್ಲುತ್ತೇವೆ, ಎಲ್ಲರೂ ಚೆಲ್ಲುತ್ತಾರೆ. ನನ್ನ ತಮ್ಮ ಬಸು ಸಣ್ಣವನಿದ್ದಾಗ ಹೊಲದ ಬದುವಿನ ಅವರೆ ಬಳ್ಳಿಯ ಕೆಳಗೆ ಕೂತು ಮುಷ್ಟಿಗಟ್ಟಲೆ ಹಸಿ ಕಾಳು ಮುಕ್ಕಿದ್ದ. ಮನೆಗೆ ಬಂದು ಕಟ್ಟೆಯ ಮೇಲೆಲ್ಲ ಕಾರಿದ. ಅವ್ವ ಮೊದಲು ಬೆನ್ನಿಗೆ ಒಂದು ಕೊಟ್ಟು ಆಮೇಲೆ ಮಜ್ಜಿಗೆ ಕೊಟ್ಟಳು. ಸಂಜೆಗೆ ಅವನು ರೊಟ್ಟಿ ಕೇಳಿದ. ಮನುಷ್ಯರ ವಿಷಯ ಇಷ್ಟೇ. ದನಗಳಂತೂ ಅದೇ ಬಳ್ಳಿಯನ್ನು ಬೇರುಸಹಿತ ತಿಂದು ಬಾಲ ಬೀಸಿಕೊಂಡು ಹೋಗುತ್ತಿದ್ದವು. ಎಮ್ಮೆಗೂ ನಾಲ್ಕು ಕಾಲು, ಕುದುರೆಗೂ ನಾಲ್ಕು ಕಾಲು. ನನ್ನ ಲೆಕ್ಕ ಅಲ್ಲಿಗೆ ಮುಗಿದಿತ್ತು.

ಈ ಸಲ ಸಂಕ್ರಾಂತಿ ಕಳೆದ ಮೇಲೆ ನೀಲವ್ವನ ಮಗ ಪ್ರಶಾಂತನ ಲಗ್ನ ಗೊತ್ತಾಯಿತು. ಮೆರವಣಿಗೆಗೆ ಚಾಂದನಿಯೇ. ಹಿತ್ತಲಲ್ಲೇ ಇರುವಾಗ ಬೇರೆ ಕುದುರೆ ಯಾರು ಹುಡುಕುತ್ತಾರೆ? ನೀಲವ್ವ ಅವತ್ತಿನಿಂದ ಕುದುರೆಗೂ ಬೀಗರ ಉಪಚಾರ ಶುರು ಮಾಡಿದಳು. ಪ್ರಶಾಂತ ಸ್ವಲ್ಪ ದಪ್ಪ ಇದ್ದಾನೆ. ಸ್ವಲ್ಪ ಅನ್ನುವುದು ನನ್ನ ಮರ್ಯಾದೆ.

ರವಿವಾರ ಲಗ್ನ, ಗುರುವಾರ ಅವರ ಮನೆಯಲ್ಲಿ ದೇವರ ಕಾರ್ಯ. ಉಸುಳಿ ಮಾಡಲು ಅಂತ ನೀಲವ್ವ ಹಿಂದಿನ ದಿನವೇ ಅವರೆಕಾಳು, ರಾಜ್ಮಾ ಎಲ್ಲ ಕೂಡಿಸಿ ದೊಡ್ಡ ಬೋಗುಣಿಯಲ್ಲಿ ನೆನೆಹಾಕಿದ್ದಳು. ಅಡುಗೆಯವರು ತಮ್ಮ ಕಾಳು ತಾವೇ ತಂದರು. ಇವಳ ಬೋಗುಣಿ ಹಾಗೇ ಉಳಿಯಿತು. ನಾನು ಆ ಹೊತ್ತಿಗೆ ನಮ್ಮ ಬಳ್ಳಿಯ ಅವರೆಕಾಯಿ ಸುಲಿದು, ಹುಳ ಹತ್ತಿದ ಕಾಯಿಗಳನ್ನು ಕಾಳಿನ ಸಮೇತ ಒಂದು ಬುಟ್ಟಿಯಲ್ಲಿ ಬೇರೆ ಇಟ್ಟಿದ್ದೆ. ಇಬ್ಬರೂ ಒಂದೇ ಹೊತ್ತಿಗೆ ಗೋಡೆಯ ಹತ್ತಿರ ಬಂದೆವು.

"ಇಷ್ಟೂ ಹಾಕತಿ?" ಅಂದೆ, ಬೋಗುಣಿ ನೋಡಿ.

"ಈ ರವಿವಾರ ನಮ್ಮ ಪ್ರಶಾಂತನ್ನ ಹೊರಬೇಕಲ್ಲಾ. ಗಟ್ಟಿ ಇರಲಿ."

"ಹೊರೂದು ಅದು. ಗಟ್ಟಿ ಆಗಾಕತ್ತಾಂವ ನಿನ್ನ ಮಗ."

"ನಿನ್ನ ಬಾಯಾಗ ಒಳ್ಳೇದು ಬರೂದ ಇಲ್ಲ ನೋಡು" ಎಂದು ನೀಲವ್ವ ಗೋಡೆಯಾಚೆಯ ತೊಟ್ಟಿಗೆ ಬೋಗುಣಿ ಬಗ್ಗಿಸಿದಳು. ನನ್ನ ಬುಟ್ಟಿಯನ್ನೂ ಅದರ ಮೇಲೆ ಸುರಿದೆ. ಮಾಬೂಸಾಬ ಮೆರವಣಿಗೆಯ ಜರಿಯ ಹೊದಿಕೆ ರಿಪೇರಿ ಮಾಡಿಸಲು ಪೇಟೆಗೆ ಹೋಗಿದ್ದ. ಚಾಂದನಿ ಮೊದಲು ಮೂಸಿ ನೋಡಿತು, ಹಿಂದೆ ಸರಿಯಿತು. ನಾನು ಒಂದು ಬೆಲ್ಲದ ಹೆಂಟೆ ಪುಡಿ ಮಾಡಿ ಮೇಲೆ ಉದುರಿಸಿದೆ. ಕುದುರೆಯೂ ನಮ್ಮ ಕಡೆಯದೇ, ಸಂಕೋಚ ಮಾಡುತ್ತಿದೆ ಅಂದುಕೊಂಡೆ. ಬೆಲ್ಲದ ಆಸೆಗೆ ಎಲ್ಲ ತಿಂದಿತು.

ಶುಕ್ರವಾರ ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆ. ಗೋಡೆಯಾಚೆ ದಪ್ ಅಂತ ಏನೋ ಬಿದ್ದ ಸಪ್ಪಳ. ಎದ್ದು ನೋಡಿದರೆ ಚಾಂದನಿ ನೆಲಕ್ಕೆ ಬಿದ್ದು ಹೊರಳಾಡುತ್ತಿದೆ. ಏಳುತ್ತದೆ, ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತದೆ, ಮುಂಗಾಲಿನಿಂದ ಮಣ್ಣು ಕೆರೆಯುತ್ತದೆ, ಮತ್ತೆ ಬೀಳುತ್ತದೆ. ಆ ಚಳಿಯಲ್ಲಿ ಮೈಯೆಲ್ಲ ಬೆವರು. ಮಾಬೂಸಾಬ ಹಗ್ಗ ಹಿಡಿದು ಎಬ್ಬಿಸಲು ಜಗ್ಗುತ್ತಿದ್ದ. ಅವನ ಮುಖ ಬೂದಿ ಬಳಿದಂತೆ ಆಗಿತ್ತು.

"ಏನಾತೋ?" ಅಂದೆ.

"ಹೊಟ್ಟಿ ಹಿಡಕೊಂಡೈತ್ರಿ ಅವ್ವಾರ. ನಸಕಿನಿಂದ ಲದ್ದಿ ಹಾಕಿಲ್ಲ. ನಮ್ಮಪ್ಪನ ಕುದರಿ ಹಿಂಗ ಬಿದ್ದದ್ದು ಏಳಲೇ ಇಲ್ರಿ." ಆಮೇಲೆ ಎಲ್ಲರ ಹಿತ್ತಲ ಕಡೆಗೂ ಒಮ್ಮೆ ನೋಡಿದ. "ನಿನ್ನೆ ಯಾರರ ಏನರ ಹಾಕೀರೇನ್ರಿ?"

ನಾನು ಬಾಯಿ ತೆರೆಯುವುದರೊಳಗೆ ಪಕ್ಕದ ಹಿತ್ತಲಿನಿಂದ ನೀಲವ್ವ ಕೂಗಿದಳು. "ನಾವ್ಯಾಕ ಹಾಕೂಣೋ? ನಿನ್ನೆ ನಮಗ ದೇವರ ಕಾರ್ಯದ ಗದ್ದಲ. ಕುದರಿ ಕಡೆ ನೋಡಾಕೂ ಪುರಸೊತ್ತ ಇದ್ದಿಲ್ಲ."

ಆಕೆ ಬೇಗ ಬೇಗ ನಮ್ಮ ಹಿತ್ತಲಿಗೆ ಬಂದು ನನ್ನ ರಟ್ಟೆ ಚಿವುಟಿದಳು. "ಗಂಗಕ್ಕ, ಬಾಯಿ ಮುಚ್ಚಕೊಂಡಿರು. ಲಗ್ನದ ಮನಿ. ನಮ್ಮ ಕೈಯಾನ ಕಾಳ ತಿಂದು ಸತ್ತತಿ ಅಂದ್ರ ಬೀಗರು ಏನಂದಾರು?"

ಚಿವುಟಿದ್ದು ನೋಯಿತು. ನಾನು ಸುಮ್ಮನಿದ್ದೆ. ಆದರೆ ಚಿವುಟಿದ್ದಕ್ಕೆ ಸುಮ್ಮನಿದ್ದದ್ದಲ್ಲ. ಅಷ್ಟು ದೊಡ್ಡ ಪ್ರಾಣಿ ಒಂದು ಬುಟ್ಟಿ ಅವರೆಗೆ ಬಿದ್ದೀತು ಎಂದು ನನಗೆ ನಂಬಿಕೆಯಾಗಲಿಲ್ಲ. ಮೊಮ್ಮಗಳು ಪವಿತ್ರಾ ವಿದ್ಯಾನಗರದ ಕಾಲೇಜಿಗೆ ಹೊರಟಿದ್ದಳು. ಅವಳನ್ನು ಒಳಗೆ ಕರೆದು, "ಮೊಬೈಲ್‌ನ್ಯಾಗ ನೋಡು, ಕುದರಿ ಅವರಿ ತಿಂದರ ಏನಾಗತೈತಿ" ಅಂದೆ.

ಅವಳು ನಿಂತಲ್ಲೇ ಬೆರಳಾಡಿಸಿದಳು. "ಆಯಿ, ಅವರಿ, ರಾಜ್ಮಾ, ಡಬಲ್ ಬೀನ್ಸ್, ಹಿತ್ತಲದಾಗ ಬೆಳಿಯೋ ಇಂಥಾ ಕಾಳೆಲ್ಲ ಹಸೀ ಇದ್ದರ ಕುದರಿಗೆ ವಿಷ ಅಂತ ಐತಿ."

"ಇದನ್ನ ಈಗ ಹೇಳತಿ?"

"ನೀ ಈಗ ಕೇಳಿದಿ."

ಅದೂ ಖರೇ. ನಾನು ಚಹಾದ ಕಪ್ಪು ಇಟ್ಟು ಚಪ್ಪಲಿ ಮೆಟ್ಟಿಕೊಂಡೆ.

ಪ್ಲಾಟಿಗೆ ಸುತ್ತು ಹಾಕಿ ಹೋಗುವಷ್ಟರಲ್ಲಿ ದನದ ಡಾಕ್ಟರು ಬಂದಿದ್ದರು. ಸಣ್ಣ ವಯಸ್ಸಿನವರು, ಮೋಟಾರ್ ಸೈಕಲ್ ಸ್ಟ್ಯಾಂಡ್ ಹಾಕುವುದಕ್ಕೂ ನಿಲ್ಲದೆ ಗೋಡೆಗೆ ಒರಗಿಸಿ ಒಳಗೆ ಬಂದರು. ಕುದುರೆಯ ಹೊಟ್ಟೆಗೆ ಕಿವಿಯ ನಳಿಕೆ ಹಚ್ಚಿ ಆ ಕಡೆ ಈ ಕಡೆ ಕೇಳಿದರು. ಒಸಡು ನೋಡಿದರು. ಓಣಿಯ ಹೆಂಗಸರೆಲ್ಲ ಸೆರಗು ಹೊದ್ದು ಸಾಲಾಗಿ ನಿಂತಿದ್ದರು, ನೀಲವ್ವ ಎಲ್ಲರ ಹಿಂದೆ.

"ಒಳಗ ಸಪ್ಪಳನ ಇಲ್ಲ. ಕರಳು ನಿಂತಾವ. ಏನ ತಿಂದದ ಇದು?"

"ದಿನಾ ಹಾಕೋ ಹುಲ್ಲರಿ ಸಾಹೇಬ್ರ, ಮತ್ತ ಕುದಿಸಿದ ಹುಳ್ಳಿ. ಬ್ಯಾರೆ ಏನೂ ಇಲ್ಲ" ಅಂದ ಮಾಬೂಸಾಬ.

"ಬ್ಯಾರೆ ಏನರ ತಿಂದಿರಬೇಕು. ಅದು ಗೊತ್ತಾಗದಿದ್ದರ ನಾ ಏನಂತ ಔಷಧಿ ಕೊಡ್ಲಿ? ನೆನಪ ಮಾಡ್ಕೋ, ಹೊತ್ತ ಇಲ್ಲ."

ಮಾಬೂಸಾಬ ಕುದುರೆಯ ಕುತ್ತಿಗೆ ಹಿಡಿದು ನಿಂತಿದ್ದ. ಅವನು ನಮ್ಮ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. 

"ಅವರೆಕಾಳ" ಅಂದೆ. "ಹಸೀದು. ರಾಜ್ಮಾನೂ ಇತ್ತು. ನೀಲವ್ವನ ಮನಿ ಬೋಗುಣಿ ತುಂಬ, ನಮ್ಮ ಮನಿ ಒಂದು ಬುಟ್ಟಿ. ನಿನ್ನೆ ಮಧ್ಯಾಹ್ನ. ಒಲ್ಲೆ ಅಂತು, ನಾ ಬೆಲ್ಲ ಹಾಕಿ ತಿನಿಸೀನಿ."

ಹಿಂದಿನಿಂದ ನೀಲವ್ವ, "ಗಂಗಕ್ಕಾ" ಅಂದಳು, ಹಲ್ಲು ಕಚ್ಚಿಕೊಂಡು.

"ಏನ ಗಂಗಕ್ಕ? ನಿನ್ನ ಬೀಗರು ಇಲ್ಲಿಲ್ಲ. ಕುದರಿ ಇಲ್ಲೈತಿ."

ಡಾಕ್ಟರು ನನ್ನನ್ನೊಮ್ಮೆ ನೋಡಿದರು, ಬೈಯಲಿಲ್ಲ. ಬೈಯಲು ಅವರಿಗೆ ಪುರುಸೊತ್ತು ಇರಲಿಲ್ಲ. ಚೀಲದಿಂದ ಸೂಜಿ ತೆಗೆದು ಚುಚ್ಚಿದರು. ಉದ್ದನೆಯ ನಳಿಕೆಯನ್ನು ಕುದುರೆಯ ಮೂಗಿನೊಳಗಿಂದ ಹೊಟ್ಟೆಯ ತನಕ ಇಳಿಸಿದರು. ನಾನು ಏಳು ಹೆತ್ತವಳು, ಆದರೂ ಅದನ್ನು ನೋಡಲು ಆಗದೆ ತಗಡಿನ ಕಡೆ ಮುಖ ತಿರುಗಿಸಿದೆ. ಮೊದಲು ಹೊಟ್ಟೆಯಲ್ಲಿದ್ದದ್ದು ಸ್ವಲ್ಪ ಹೊರಗೆ ಬಂತು, ಆಮೇಲೆ ಆ ನಳಿಕೆಯಿಂದಲೇ ಎಣ್ಣೆಯಂಥ ಔಷಧಿ ಒಳಗೆ ಹೋಯಿತು.

"ಸಾಹೇಬ್ರ, ಕಾರಿಕೊಂಡ ಬಿಟ್ರ ಸರಿ ಹೋಗೂದಿಲ್ಲೇನ್ರಿ? ನಮ್ಮ ತಮ್ಮ ಹಂಗ ಆದ" ಅಂದೆ.

"ಕುದರಿಗೆ ಕಾರಾಕ ಬರೂದಿಲ್ಲರಿ ಅಮ್ಮಾ. ಒಳಗ ಹೋದದ್ದು ಬಾಯಿಂದ ತಿರುಗಿ ಬರೂದಿಲ್ಲ. ಎಮ್ಮಿ ಹಂಗ ಮೆಲುಕು ಹಾಕಿ ಅರಗಿಸಾಕೂ ಬರೂದಿಲ್ಲ. ಹಸೀ ಕಾಳಿನ್ಯಾಗ ನಂಜು ಇರ್ತದ. ಛಲೋತ್ನಾಗಿ ಕುದಿಸಿದರ ಹೋಗ್ತದ. ಇನ್ನ ಆ ಕಡೆಯಿಂದ ಹೊರಗ ಬಂದರ ಕುದರಿ ಉಳೀತು. ಬರಲಿಲ್ಲ ಅಂದ್ರ ನನ್ನ ಕೈಯಾಗ ಇಲ್ಲ."

ಇಷ್ಟು ವಯಸ್ಸಾದ ಮೇಲೆ ನನಗೆ ತಿಳಿದ ಹೊಸ ವಿಷಯ ಅದು. ಅಷ್ಟು ದೊಡ್ಡ ದೇಹ ಮಾಡಿದವನು ಒಂದು ವಾಂತಿ ಮಾಡುವ ಅನುಕೂಲ ಇಡಲಿಲ್ಲ.

ಆ ಹೊತ್ತಿಗೆ ನೀಲವ್ವ ಎಲ್ಲಿಗೋ ಹೋದವಳು ಒಂದು ತಪೇಲಿ ಹಿಡಿದುಕೊಂಡು ಓಡಿ ಬಂದಳು. ಉಸಿರು ಮೇಲಕ್ಕೆ ಹತ್ತಿತ್ತು. "ಸಾಹೇಬ್ರ, ಅಜವಾನದ ಕಷಾಯ. ಇಂಗೂ ಹಾಕೇನಿ. ಒಂದೀಟ ಕುಡಿಸ್ರಿ."

ಡಾಕ್ಟರು ನಳಿಕೆ ಹಿಡಿದವರು ಹಾಗೇ ಕಣ್ಣು ಮುಚ್ಚಿಕೊಂಡರು. "ಅಮ್ಮಾರ, ಈ ಓಣ್ಯಾಗ ಕೈ ಕಟ್ಟಿ ನಿಲ್ಲೋರು ಯಾರೂ ಇಲ್ಲೇನ್ರಿ?"

ನೀಲವ್ವ ತಪೇಲಿ ಕೆಳಗಿಟ್ಟು ಕೈ ಕಟ್ಟಿ ನಿಂತಳು. ಅವಳು ಹಾಗೆ ನಿಂತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಆಮೇಲೆ ಕುದುರೆಯನ್ನು ನಡೆಸಬೇಕು ಅಂದರು. ಮಲಗಲು ಬಿಡಬಾರದು, ಹೊರಳಿದರೆ ಕರುಳು ತಿರುಚುತ್ತದೆಯಂತೆ. ಮಾಬೂಸಾಬ ಹಗ್ಗ ಹಿಡಿದು ಓಣಿಗೆ ತಂದ. ಹೆಂಗಸರೆಲ್ಲ ಸೇರಿ ದಾರಿಯಲ್ಲಿದ್ದ ಸ್ಕೂಟರು, ಕುಂಡ, ಮಕ್ಕಳ ಸೈಕಲ್ಲು ಎಲ್ಲ ತೆಗೆದರು. ಲಗ್ನದ ಮನೆಯ ಚಪ್ಪರದ ಕೆಳಗಿಂದ ಚಾಂದನಿ ಹೋಯಿತು, ಬಂತು, ಮತ್ತೆ ಹೋಯಿತು. ತಲೆ ನೆಲಕ್ಕೆ ಮುಟ್ಟುವಷ್ಟು ಬಗ್ಗಿಸಿತ್ತು. ಮಾಬೂಸಾಬ ಅದರ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ನಾನು ಅವನ ಜೊತೆ ಒಂದಷ್ಟು ದೂರ ನಡೆದೆ. ಮಂಡಿ ನೋವಿನಿಂದ ಕುದುರೆಗಿಂತ ನನ್ನ ನಡಿಗೆಯೇ ಕೆಟ್ಟದಾಗಿತ್ತು.

"ಬ್ಯಾಡ ಅಂದಿದ್ದೆ ಅಲ್ರಿ ಅವ್ವಾರ" ಅಂದ ಅವನು. ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

"ಅಂದಿದ್ದಿ. ನಾವು ಕೇಳಲಿಲ್ಲ" ಅಂದೆ.

"ಕೈ ಹಿಡಿದು ನಿಲ್ಲಸಬೇಕಿತ್ತರಿ ನಾ. ಅಷ್ಟು ಪ್ರೀತಿಲೆ ಹಾಕೋರಿಗೆ ಹೆಂಗ ಒದರಲಿ ಅಂತ..."

"ಒದರಬೇಕಿತ್ತು. ಇನ್ನ ಮ್ಯಾಲೆ ಒದರು."

ಮಧ್ಯಾಹ್ನ ಇಳಿಯಿತು. ಯಾರ ಮನೆಯಲ್ಲೂ ಒಲೆ ಹೊತ್ತಿರಲಿಲ್ಲ, ಲಗ್ನದ ಮನೆಯ ಅಡುಗೆಯವರೂ ಸಟುಗ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮದರಂಗಿ ಹಚ್ಚಿಸಿಕೊಂಡ ಕೈ ಅಗಲಿಸಿ ನೀಲವ್ವನ ಮಗಳು ನಿಂತಿದ್ದಳು. ಪವಿತ್ರಾ ಕಾಲೇಜಿಗೆ ಹೋಗಲಿಲ್ಲ. ಪ್ರಶಾಂತ ಅರಿಶಿನದ ಬನಿಯನ್ನಿನಲ್ಲೇ ಹೊರಗೆ ಬಂದು, ಕುದುರೆಯ ಹೊಟ್ಟೆ, ತನ್ನ ಹೊಟ್ಟೆ ಎರಡನ್ನೂ ನೋಡಿ ಒಳಗೆ ಹೋದ. ಇಷ್ಟು ಮಂದಿ ಮರ್ಯಾದಸ್ಥ ಮನೆತನದವರು ಹೊಟ್ಟೆಗೆ ಕೂಳಿಲ್ಲದೆ ಒಂದು ಕುದುರೆಯ ಬಾಲವನ್ನೇ ನೋಡುತ್ತಾ ನಿಂತಿದ್ದೆವು. ಯಾರಾದರೂ ಹೊರಗಿನವರು ಬಂದಿದ್ದರೆ ಈ ಓಣಿಗೆ ಹೆಣ್ಣು ಕೊಡುವುದನ್ನೇ ಬಿಡುತ್ತಿದ್ದರು.

ಡಾಕ್ಟರು ಮತ್ತೆ ಬಂದು ಕಿವಿಯ ನಳಿಕೆ ಹಚ್ಚಿ ಕೇಳಿದರು. ತಲೆ ಅಲ್ಲಾಡಿಸಿದರು. ಯಾವ ಅರ್ಥದಲ್ಲಿ ಅಲ್ಲಾಡಿಸಿದರೋ ತಿಳಿಯಲಿಲ್ಲ. ಮಾಬೂಸಾಬ ಕೇಳಲೂ ಇಲ್ಲ, ಹಗ್ಗ ಜಗ್ಗಿ ಮತ್ತೆ ನಡೆದ. ನಮ್ಮ ಮನೆಯ ಮುಂದೆ ಬಂದಾಗ ಚಾಂದನಿ ನಿಂತುಬಿಟ್ಟಿತು. ಎಷ್ಟು ಜಗ್ಗಿದರೂ ಕಾಲು ಕಿತ್ತಿಡಲಿಲ್ಲ. ಮಾಬೂಸಾಬ ಹಗ್ಗ ಸಡಿಲ ಬಿಟ್ಟು ಅದರ ಹಣೆಗೆ ತನ್ನ ಹಣೆ ಹಚ್ಚಿ ಕಣ್ಣು ಮುಚ್ಚಿದ. ಮುಗಿಯಿತು ಅಂದುಕೊಂಡೆ ನಾನು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಆಗ ಬಾಲ ಮೇಲೆದ್ದಿತು. ಹಳೆಯ ಬಟ್ಟೆ ಉದ್ದಕ್ಕೆ ಹರಿದಂತೆ ಒಂದು ಸಪ್ಪಳ. ಜೀವಮಾನದಲ್ಲಿ ಅಷ್ಟು ಉದ್ದದ ಹೂಸು ನಾನು ಕೇಳಿಲ್ಲ, ನಮ್ಮ ಯಜಮಾನರನ್ನೂ ಹಿಡಿದು ಹೇಳುತ್ತಿದ್ದೇನೆ. ನಾತ ಬಂತು, ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಅದರ ಹಿಂದೆಯೇ ನಮ್ಮ ಬಾಗಿಲ ರಂಗೋಲಿಯ ಮೇಲೆ ತಪತಪ ಲದ್ದಿ ಬಿತ್ತು, ಎಣ್ಣೆ ಹೊಳೆಯುತ್ತಿತ್ತು, ನಡುನಡುವೆ ನಮ್ಮ ಕಾಳುಗಳು ಇಡಿ ಇಡಿಯಾಗಿ.

"ಬಂತು" ಅಂದರು ಡಾಕ್ಟರು.

ಮಾಬೂಸಾಬ ಅಲ್ಲೇ ನಮ್ಮ ಕಟ್ಟೆಯ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನೀಲವ್ವ ಅಳುತ್ತಾ ನಗುತ್ತಾ ನನ್ನ ಕುತ್ತಿಗೆಗೆ ಬಿದ್ದಳು. ಬೆಳಿಗ್ಗೆ ಚಿವುಟಿದ ರಟ್ಟೆಯನ್ನೇ ಮತ್ತೆ ಒತ್ತಿ ಹಿಡಿದಳು, ಈ ಹಿಡಿತಕ್ಕಿಂತ ಆ ಚಿವುಟಿದ್ದೇ ಸಹಿಸುವಂತಿತ್ತು. ಸುಜಾತಾ ಒಳಗಿಂದ ಪೊರಕೆ ತಂದಳು. ಸ್ವಲ್ಪ ತಡಿ, ಎಲ್ಲರೂ ನೋಡಲಿ ಅಂದೆ.

ಡಾಕ್ಟರು ಹೋಗುವಾಗ, ಒಂದು ವಾರ ಇದರ ಮೇಲೆ ಯಾರೂ ಕೂಡಬಾರದು ಅಂದರು. ಹೀಗಾಗಿ ರವಿವಾರ ಪ್ರಶಾಂತ ನಡೆದೇ ಹೊರಟ. ಬಾಸಿಂಗ ಕಟ್ಟಿಕೊಂಡು, ಬ್ಯಾಂಡಿನ ಹಿಂದೆ, ಬೆವರು ಒರೆಸಿಕೊಳ್ಳುತ್ತಾ. ಬೀಗರು ಕುದುರೆ ಎಲ್ಲಿ ಎಂದು ಕೇಳಿದ್ದಕ್ಕೆ ನೀಲವ್ವ, "ನಮ್ಮ ಮನಿತನದಾಗ ಮದುಮಗ ನಡಕೊಂಡ ಹೋಗೂ ಪದ್ಧತಿ ಐತ್ರಿ" ಅಂದಳು. ಬೀಗರು ನಂಬಿದರು. ಮುಂದಿನ ತಲೆಮಾರಿಗೆ ಅದೇ ಪದ್ಧತಿ ಆದೀತು, ನೋಡುತ್ತಿರಿ.

ಮೆರವಣಿಗೆ ಖಾಲಿ ಪ್ಲಾಟಿನ ಮುಂದೆ ಬಂದಾಗ ನಾನು ಹಿಂದೆ ಉಳಿದೆ. ಮಂಡಿ ನೋವು ಅಂತ ಹೇಳಿದೆ. ಮಾಬೂಸಾಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುಮಗನಿಗೆ ಸಲಾಮು ಮಾಡುತ್ತಿದ್ದ. ಅವನ ಹಿಂದೆ ಚಾಂದನಿ ಒಣ ಹುಲ್ಲು ಜಗಿಯುತ್ತಾ ನಿಂತಿತ್ತು. ಅಷ್ಟೊಂದು ಬ್ಯಾಂಡಿಗೆ ಕಿವಿಯನ್ನೂ ತಿರುಗಿಸಲಿಲ್ಲ. ಹತ್ತಿರ ಹೋದೆ. ಅದು ನನ್ನ ಅಂಗೈ ಮೂಸಿತು, ಏನೂ ಇರಲಿಲ್ಲ. ಇನ್ನೊಂದು ಕೈ ಮೂಸಿತು, ಅದರಲ್ಲೂ ಇರಲಿಲ್ಲ. ಮುಖ ತಿರುಗಿಸಿ ಹುಲ್ಲಿಗೆ ಬಾಯಿ ಹಾಕಿತು.

ಎಷ್ಟು ಉಪಕಾರ ಮಾಡಿದರೂ ಈ ಪ್ರಾಣಿಗೆ ನೆನಪಿಲ್ಲ ನೋಡು ಅಂದುಕೊಂಡೆ. ನಾಲ್ಕು ಹೆಜ್ಜೆ ಬಂದ ಮೇಲೆ, ಮಾಡಿದ ಉಪಕಾರವಾದರೂ ಯಾವುದು ಎಂದು ಲೆಕ್ಕ ಹಾಕಿದೆ. ಆಮೇಲೆ ಲಗೂ ಲಗೂ ಹೆಜ್ಜೆ ಹಾಕಿ ಬ್ಯಾಂಡಿನವರನ್ನು ಕೂಡಿಕೊಂಡೆ.